ಹೊಡೆದವರೇ ಆರಿಸಬೇಕು

ಹೋದ ತಿಂಗಳು ಕುಷ್ಟಗಿಯ ನಮ್ಮ ಮನೆಗೆ ಅನ್ನಪೂರ್ಣ ಎಂಬ ಹುಡುಗಿ ಬಂದಿದ್ದಳು. ತಾವರಗೇರಾ ಕಡೆಯ ಒಂದು ಸರಕಾರಿ ಶಾಲೆಗೆ ದೈಹಿಕ ಶಿಕ್ಷಕಿಯಾಗಿ ಹೊಸದಾಗಿ ಸೇರಿದವಳು. ಚಪ್ಪಲಿ ಬಿಟ್ಟು ಒಳಗೆ ಬಂದವಳು ಕೂಡುವ ಮೊದಲೇ ವಿಷಯಕ್ಕೆ ಬಂದಳು.

“ಅಕ್ಕೋರ, ಸಣ್ಣ ಹುಡುಗ್ರಿಗೆ ಟೆನಿಸ್ ಕಲಸ್ರಿ ಅಂತ ಆದೇಶ ಬಂದೈತ್ರಿ. ಫೋರ್‌ಹ್ಯಾಂಡ್ ಒಂದು ವಾರದಾಗ ಮುಗಸಬೇಕಂತ. ಹೆಂಗ ಮುಗಸೋದ್ರಿ?”

ಮುಗಿಸುವುದಂತೆ! ಫೋರ್‌ಹ್ಯಾಂಡ್ ಏನು ಹೊಲದ ಬದುವೇ, ಹಾಕಿ ಮುಗಿಸಿಬಿಡಲು? ಬಲಗೈಯ ಮಗು ತನ್ನ ಬಲಗಡೆಗೆ ಬಂದ ಚೆಂಡನ್ನು ಅಂಗೈ ಮುಂದಾಗಿ ಹೊಡೆಯುವ ಹೊಡೆತ ಅದು. ಟೆನಿಸ್ ಆಟದ ಅ ಆ ಇ ಈ. ನಾನೂ ದೈಹಿಕ ಶಿಕ್ಷಕಿಯಾಗಿದ್ದವಳು; ಅದನ್ನು ಕಲಿಸುವುದರಲ್ಲೇ ನನ್ನ ನೌಕರಿಯ ಅರ್ಧ ಕಳೆದಿದೆ, ಮುಗಿಯಿತು ಎಂದು ಒಂದು ದಿನವೂ ಅನಿಸಲಿಲ್ಲ. ಪಾಪ, ಆ ಹುಡುಗಿಯದೇನೂ ತಪ್ಪಿಲ್ಲ. ಆದೇಶ ಬರೆದವರು ಎದುರಿಗೆ ಇರಲಿಲ್ಲವಾದ್ದರಿಂದ ಅವರ ಪಾಲಿನ ಬೈಗುಳ ಇವಳಿಗೆ ಬಿತ್ತು. ಆಮೇಲೆ ಚಹಾ ಕೊಟ್ಟು ಸಮಾಧಾನ ಮಾಡಿ ಕಳಿಸಿದೆ. ಅವಳು ಹೋದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಬಡ್ತಿ ಯಾವಾಗ ಬಂತು, ನಿವೃತ್ತಿಯ ದಿನ ಯಾರು ಏನು ಹೊಗಳಿದರು ಎಂಬುದನ್ನೆಲ್ಲ ಬರೆಯುವುದಿಲ್ಲ. ಹೊದಿಸಿದ ಶಾಲು ಪೆಟ್ಟಿಗೆಯಲ್ಲಿದೆ, ನುಸಿ ಗುಳಿಗೆ ಹಾಕಿ ಇಟ್ಟಿದ್ದೇನೆ, ಅಷ್ಟು ಸಾಕು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಿಜವಾಗಿ ಬೇಕಾದದ್ದು ಬೇರೆ ಇದೆ. ಅದರಲ್ಲಿ ನನ್ನ ಒಂದು ದೊಡ್ಡ ತಪ್ಪೂ ಇದೆ.

ನಾನು ಖೋ ಖೋ ಆಡಿ ಬೆಳೆದವಳು. ಟೆನಿಸ್ ಎಂದರೆ ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ಹದಿನೈದು ವರ್ಷ ನೌಕರಿಯಾದ ಮೇಲೆ ಒಂದು ದಿನ ಸುತ್ತೋಲೆ ಬಂತು, ತಾಲ್ಲೂಕಿಗೆ ಒಬ್ಬರು ಟೆನಿಸ್ ತರಬೇತಿಗೆ ಹೋಗಬೇಕು ಎಂದು. ಗಂಡಸರೆಲ್ಲ ಒಂದೊಂದು ನೆಪ ಹೇಳಿ ಜಾರಿಕೊಂಡರು. ನಾನು ಹೋದೆ. ಹತ್ತು ದಿನ ಕಲಿತು ಬಂದೆ. ಹನ್ನೊಂದನೆಯ ದಿನ ಕಾಗದದಲ್ಲಿ ನನ್ನ ಹೆಸರಿನ ಮುಂದೆ ‘ಟೆನಿಸ್ ಬಲ್ಲವರು’ ಎಂದು ಬರೆದರು. ಹತ್ತು ದಿನದಲ್ಲಿ ನಾನು ಬಲ್ಲವಳಾದ ಮೇಲೆ ಮಕ್ಕಳು ಒಂದು ವಾರದಲ್ಲಿ ಮುಗಿಸಬೇಕೆಂದು ಹೇಳುವವರಿಗೆ ನಾಚಿಕೆಯಾದರೂ ಹೇಗಾದೀತು?

ಸ್ವಲ್ಪ ದಿನಕ್ಕೆ ಶಾಲೆಗೆ ಒಂದು ಡಬ್ಬಿ ಬಂತು. ಮೇಲೆ ‘ಟೆನಿಸ್ ಸಾಮಗ್ರಿ’ ಎಂದು ಬರೆದಿತ್ತು. ಬಿಚ್ಚಿ ನೋಡದೆ ಸಹಿ ಹಾಕಿದೆ. ಇದು ನೀವು ಮಾಡಬಾರದ ಮೊದಲನೆಯ ತಪ್ಪು. ಡಬ್ಬಿಯ ಒಳಗೆ ಚೆಂಡುಗಳೇನೋ ಟೆನಿಸ್ ಚೆಂಡುಗಳೇ, ಆದರೆ ಬ್ಯಾಟುಗಳು ಷಟಲ್ ಆಡುವವು. ಮೊದಲನೆಯ ಚೆಂಡು ಬಡಿದ ಕೂಡಲೇ ಎಳೆಗಳು ಹರಿದು ಜೋತಾಡಿದವು. ಅದನ್ನು ಹಿಡಿದುಕೊಂಡು ಕಚೇರಿಗೆ ಹೋದೆ. ಅಲ್ಲಿ ಕೂತಿದ್ದ ಸಾಹೇಬರು ಬ್ಯಾಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಜಾಳಿಗಿ ಐತಿಲ್ರಿ ಮೇಡಂ?”

“ಐತ್ರಿ.”

“ಹಿಡಿಕಿ ಐತಿಲ್ರಿ?”

“ಐತ್ರಿ.”

“ಮತ್ತೇನ್ ಬೇಕ್ರಿ ನಿಮಗ? ಮೆತ್ತಗ ಹೊಡೀರಿ ಅಂತ ಹೇಳ್ರಿ ಹುಡುಗ್ರಿಗೆ.”

ಬಸ್ಸಿನಲ್ಲಿ ತಿರುಗಿ ಬರುವಾಗ ಹಲ್ಲು ಕಡಿಯುತ್ತ ಬಂದೆ. ಆದರೆ ಆ ಹರಿದ ಬ್ಯಾಟುಗಳಿಂದಲೇ ನಾನು ಕಲಿಸುವುದನ್ನು ಕಲಿತೆ ಎಂದು ಒಪ್ಪಿಕೊಳ್ಳಬೇಕು. ಬ್ಯಾಟು ಇಲ್ಲದ್ದರಿಂದ ಮಕ್ಕಳ ಕೈಗೆ ಏನೂ ಕೊಡದೆ ಅಂಗೈಯಿಂದಲೇ ಚೆಂಡು ಹೊಡೆಸಲು ಶುರು ಮಾಡಿದೆ. ಶಾಲೆಯ ಗೋಡೆಗೆ ಮಕ್ಕಳ ಸೊಂಟದೆತ್ತರಕ್ಕೆ ಸುಣ್ಣದ ಗೆರೆ ಎಳೆದೆ. ಚೆಂಡು ಒಮ್ಮೆ ಪುಟಿಯಲಿ, ಅಂಗೈಯಿಂದ ತಳ್ಳಿ ಗೆರೆಯ ಮೇಲೆ ಮುಟ್ಟಿಸಿ, ಇಷ್ಟೇ ಪಾಠ.

ಆಗಲೂ ತೊಂದರೆ. ನಮ್ಮ ಮಕ್ಕಳಿಗೆ ಟೆನಿಸ್ ಚೆಂಡು ಹೊಸದೇನಲ್ಲ, ಓಣಿಯಲ್ಲಿ ಕ್ರಿಕೆಟ್ ಆಡುವುದೇ ಅದರಿಂದ. ಹಾಗಾಗಿ ಚೆಂಡು ಕಂಡರೆ ಕಾಲು ತಾವಾಗಿಯೇ ಓಡುತ್ತಿದ್ದವು. ಒಬ್ಬ ಭರ್ಜರಿಯಾಗಿ ಹೊಡೆದು ಗೋಡೆಯವರೆಗೆ ಓಡಿ, ಗೋಡೆ ಮುಟ್ಟಿ, ತಿರುಗಿ ಓಡಿ ಬಂದು “ಎರಡು ರನ್ರೀ ಅಕ್ಕೋರ!” ಎಂದ. ನಾನು ಬೈಯುವುದನ್ನು ಮರೆತು ನಕ್ಕೆ.

ಓಡುವುದು ನಿಂತ ಮೇಲೆ ಕೈ ಬೀಸುವುದನ್ನು ಕಲಿಸಬೇಕು. ನನಗೆ ತರಬೇತಿಯಲ್ಲಿ ಕೊಟ್ಟ ಹೊತ್ತಿಗೆಯಲ್ಲಿ ಕೋನ, ಭುಜ, ಮಣಿಕಟ್ಟು ಎಂದು ಒಂದು ಪುಟ ಇತ್ತು. ಓದಿ ಹೇಳಿದೆ. ಮಕ್ಕಳು ಗಣಿತದ ಪಿರಿಯಡ್ಡಿನಲ್ಲಿ ಕೂತವರ ಹಾಗೆ ಮುಖ ಮಾಡಿಕೊಂಡು ನಿಂತರು. ಕಡೆಗೆ ಹೊತ್ತಿಗೆ ಮಡಿಚಿಟ್ಟು ಕೇಳಿದೆ: “ಮುಂಜಾನೆ ಅಂಗಳಕ್ಕ ಥಳಿ ಯಾರ‍್ಯಾರು ಹೊಡೀತೀರಿ?” ಥಳಿ ಹೊಡೆಯುವುದೆಂದರೆ ನಮ್ಮ ಕಡೆ ಅಂಗಳ ಗುಡಿಸಿ, ಬಕೀಟಿನಿಂದ ನೀರು ತೆಗೆದು ಬೀಸಿ ಚಿಮುಕಿಸುವುದು. ಹುಡುಗಿಯರೆಲ್ಲ ಕೈ ಎತ್ತಿದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಹೊಡದು ತೋರಿಸ್ರಿ” ಎಂದೆ.

ನೋಡಿದರೆ ಅದೇ! ಎಡಭುಜ ಮುಂದೆ, ಅಡ್ಡ ನಿಲುವು, ಕೈ ಕೆಳಗಿನಿಂದ ಹಿಂದೆ ಹೋಗಿ ಮುಂದೆ ಬಂದು, ನೀರು ಬಿಟ್ಟ ಮೇಲೆ ಎಡಭುಜದವರೆಗೆ ಏರಿ ನಿಲ್ಲುತ್ತದೆ. ಹೊತ್ತಿಗೆಯಲ್ಲಿದ್ದ ಚಿತ್ರಕ್ಕಿಂತ ಚಂದ. “ನೀರು ನಿಮ್ಮ ಮುಂದ ಬೀಳಬೇಕು. ಕೈ ತಡ ಆದ್ರ ಸ್ವಂತ ಕಾಲ ಮ್ಯಾಲ ಬೀಳ್ತೈತಿ” ಎಂದೆ. ಚೆಂಡನ್ನು ದೇಹದ ಮುಂದೆ ಹೊಡೆಯಬೇಕೆಂದು ಹೇಳಲು ಆಮೇಲೆ ನನಗೆ ಬೇರೆ ಮಾತು ಬೇಕಾಗಲಿಲ್ಲ. ಹುಡುಗರಿಗೆ ಮಾತ್ರ ಒಂದು ವಾರ ಮನೆಯಲ್ಲಿ ಥಳಿ ಹೊಡೆಯುವ ಕೆಲಸ ಹಚ್ಚಿದೆ. ಒಬ್ಬ ಅಜ್ಜಿ ಶಾಲೆಗೆ ಬಂದು “ಗಂಡಹುಡುಗನ ಕೈಲೆ ಥಳಿ ಹೊಡಸ್ತೀರಲ್ರಿ, ಇದ್ಯಾವ ಸಾಲಿರಿ?” ಎಂದು ಜಗಳ ತೆಗೆದಳು. ನಾನೂ ಬಿಡಲಿಲ್ಲ.

ನಿಜವಾದ ರಾಕೆಟ್ಟುಗಳು ಬರಲು ಎರಡು ವರ್ಷ ಹಿಡಿಯಿತು. ಬಂದ ಸಂಭ್ರಮದಲ್ಲಿ ನಾನು ಮತ್ತೆ ಹೊತ್ತಿಗೆ ತೆಗೆದೆ. ಹಿಡಿಕೆ ಹೇಗೆ ಹಿಡಿಯಬೇಕು ಎಂಬಲ್ಲಿ, ರಾಕೆಟ್ಟಿಗೆ ಶೇಕ್ ಹ್ಯಾಂಡ್ ಕೊಡಿ ಎಂದಿತ್ತು. ದೊಡ್ಡ ದನಿಯಲ್ಲಿ ಹೇಳಿದೆ. ಸಾಲಿನ ಮೊದಲನೆಯ ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, ರಾಕೆಟ್ಟನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು, ತಲೆ ಬಾಗಿಸಿ “ಶರಣ್ರಿ” ಎಂದಳು. ಅವಳ ಹಿಂದಿನವರೂ ಹಾಗೆಯೇ ಮಾಡಿದರು. ಮೂವತ್ತು ಮಕ್ಕಳು ಮೂವತ್ತು ರಾಕೆಟ್ಟುಗಳಿಗೆ ಶರಣು ಹೇಳಿ ನಿಂತರು. ಅವರು ತಮ್ಮ ಜನ್ಮದಲ್ಲಿ ಯಾರಿಗೂ ಶೇಕ್ ಹ್ಯಾಂಡ್ ಕೊಟ್ಟಿರಲಿಲ್ಲ, ಕೊಡುವುದನ್ನು ನೋಡಿಯೂ ಇರಲಿಲ್ಲ. ತಪ್ಪು ಯಾರದು? ಮಕ್ಕಳದಂತೂ ಅಲ್ಲ.

ಮರುದಿನ ಹೇಳಿದೆ: “ರೊಟ್ಟಿ ಬಡಿಯೋ ಕೈ ಮಾಡ್ರಿ.” ಅಂಗೈ ಅಗಲಿಸಿದರು. “ಆ ಅಂಗೈ ಜಾಳಿಗಿ ಮ್ಯಾಲ ಇಡ್ರಿ. ಹಂಗ ಜಾರಿಸ್ಕೋತ ಹಿಡಿಕಿಗೆ ಬರ್ರಿ. ಈಗ ಮುಷ್ಟಿ ಕಟ್ರಿ.” ಅಷ್ಟೇ. ಹಿಡಿತ ಸರಿಯಾಗಿ ಕೂತಿತು. ನಿಮ್ಮ ಅಂಗೈ ಎತ್ತ ನೋಡುತ್ತದೋ ಜಾಳಿಗೆಯೂ ಅತ್ತಲೇ ನೋಡುತ್ತದೆ, ಚೆಂಡೂ ಅತ್ತಲೇ ಹೋಗುತ್ತದೆ. ಇದು ನನಗೆ ಯಾವ ತರಬೇತಿಯಲ್ಲೂ ಸಿಗಲಿಲ್ಲ.

ಇಷ್ಟಾದರೂ ತಪಾಸಣೆಗೆ ಬಂದ ಒಬ್ಬರು, ಮೂರನೆಯ ಇಯತ್ತೆಯ ಮಕ್ಕಳು ಬರಿಗೈಯಿಂದ ಚೆಂಡು ತಳ್ಳುವುದನ್ನು ನೋಡಿ ಕೆಂಡವಾದರು. “ರಾಕೆಟ್ ಕೋಣ್ಯಾಗಿಟ್ಟು ಕೀಲಿ ಹಾಕೀರಿ, ಹುಡುಗ್ರು ಕೈಲೆ ಆಡಾಕತ್ತಾರ. ಫೋಟೋದಾಗ ಏನ್ ಕಾಣಿಸ್ತೈತ್ರಿ?” ಎಂದರು. ಫೋಟೋ! ಎಲ್ಲರ ಕೈಗೂ ರಾಕೆಟ್ ಕೊಡಿಸಿ, ತಲೆಯ ಮೇಲೆ ಎತ್ತಿ ಹಿಡಿಸಿ, ಫೋಟೋ ತೆಗೆಸಿ ಹೋದರು. ಆ ಫೋಟೋದಲ್ಲಿ ಒಬ್ಬ ಹುಡುಗನ ರಾಕೆಟ್ಟು ಪಕ್ಕದವನ ಕಿವಿಗೆ ಬಡಿದು, ಅವನು ಅಳುತ್ತಿರುವುದು ಚೆನ್ನಾಗಿ ಬಂದಿದೆ.

ಈಗ ಸಣ್ಣ ಮಕ್ಕಳಿಗೆಂದೇ ಮೆತ್ತನೆಯ ಚೆಂಡು, ಗಿಡ್ಡ ರಾಕೆಟ್ಟು, ಅರ್ಧ ಅಂಗಳ ಬಂದಿವೆ. ಹಳೆಯದೇ ಚಂದ ಎಂದು ಹೇಳುವವಳಲ್ಲ ನಾನು. ಮೆತ್ತನೆಯ ಚೆಂಡು ನಮ್ಮ ಕಾಲಕ್ಕೆ ಬಂದಿದ್ದರೆ ಎಷ್ಟೋ ಮಣಿಕಟ್ಟುಗಳ ನೋವು ತಪ್ಪುತ್ತಿತ್ತು. ಫೋನಿನಲ್ಲಿ ಹೊಡೆತ ತೆಗೆದು ನಿಧಾನಕ್ಕೆ ಓಡಿಸಿ ತೋರಿಸುವುದೂ ಒಳ್ಳೆಯದೇ. ಆದರೆ ಮಗು ನೂರು ಸಲ ಹೊಡೆದ ಮೇಲೆ ಒಮ್ಮೆ ತೋರಿಸಿ. ಈಗ ಒಮ್ಮೆ ಹೊಡೆಸಿ ನೂರು ಸಲ ತೋರಿಸುತ್ತಾರೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಇಷ್ಟು ಹೊತ್ತು ಬೇರೆಯವರನ್ನು ಬೈದದ್ದು ಇದನ್ನು ಬರೆಯಲು ಧೈರ್ಯ ತಂದುಕೊಳ್ಳಲಿಕ್ಕೆ.

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನನ್ನನ್ನು ಕೊಪ್ಪಳಕ್ಕೆ ನಿಯೋಜಿಸಿದರು. ಅಲ್ಲಿ ಅಧಿಕಾರಿಗಳ ವಸತಿಗೃಹಗಳ ಹಿಂದೆ ಒಂದು ಟೆನಿಸ್ ಅಂಗಳ ಇತ್ತು. ಸಿಮೆಂಟಿನದು, ಬಿರುಕು ಬಿಟ್ಟಿತ್ತು, ಸುತ್ತ ತಂತಿ ಬೇಲಿ. ಅದರಲ್ಲಿ ಸಂಜೆ ನಾಲ್ಕೂವರೆಯಿಂದ ಆರರವರೆಗೆ ಸರಕಾರಿ ಶಾಲೆಯ ಮಕ್ಕಳಿಗೆ ಕಲಿಸಬೇಕು. ನನ್ನ ಜೀವಮಾನದಲ್ಲಿ ಮೊದಲನೆಯ ಸಲ ನಿಜವಾದ ಅಂಗಳ ಸಿಕ್ಕಿತ್ತು. ನಾನು ಅದನ್ನು ಸ್ವಂತ ಕೈಯಿಂದ ಗುಡಿಸಿದೆ.

ನಾಲ್ಕಾರು ಶಾಲೆ ತಿರುಗಿ ಹನ್ನೆರಡು ಮಕ್ಕಳನ್ನು ಹುಡುಕಿದೆ. ಅದರಲ್ಲಿ ಭಾಗ್ಯನಗರದ ಹುಲಿಗೆಮ್ಮ ಒಬ್ಬಳು. ಹತ್ತು ವರ್ಷದ ಸಣಕಲು ಹುಡುಗಿ. ಚೆಂಡು ಎಲ್ಲಿ ಪುಟಿಯುತ್ತದೆ ಎಂದು ಅವಳ ಕಾಲಿಗೆ ಮೊದಲೇ ಗೊತ್ತಾಗುತ್ತಿತ್ತು. ಥಳಿ ಹೊಡೆಯುವ ಕೈ ತೋರಿಸು ಎಂದರೆ, ನಾನು ಹದಿನೈದು ವರ್ಷ ಹುಡುಕಿದ ಹೊಡೆತ ಅವಳ ಕೈಯಿಂದ ತಾನಾಗಿಯೇ ಬಂತು. ಅವತ್ತು ರಾತ್ರಿ ಊಟ ಸೇರಲಿಲ್ಲ, ಅಷ್ಟು ಖುಷಿಯಾಗಿತ್ತು. ಹನ್ನೆರಡೂ ಮಕ್ಕಳ ಮನೆಗೆ ಚೀಟಿ ಬರೆದು ಕಳಿಸಿದೆ: ‘ನಿಮ್ಮ ಮಗುವನ್ನು ಟೆನಿಸ್ ತರಬೇತಿಗೆ ಆರಿಸಲಾಗಿದೆ.’

ಎರಡನೆಯ ವಾರ ಕಚೇರಿಯ ಹಿರಿಯ ಗುಮಾಸ್ತರು ಬಂದರು. ದೊಡ್ಡ ಸಾಹೇಬರಿಗೆ ಟೆನಿಸ್ ಹುಚ್ಚು, ಐದೂವರೆಗೆ ತಮ್ಮ ಗೆಳೆಯರೊಂದಿಗೆ ಆಡಲು ಬರುತ್ತಾರೆ ಎಂದು ತಿಳಿಸಿದರು.

“ಹುಡುಗ್ರು ಹೆಂಗೂ ಇರ್ತಾವಲ್ರಿ ಅಕ್ಕೋರ. ನಾಕು ಬಾಲ್ ಆರಿಸಿ ಕೊಟ್ರ ಏನ್ ಸವಕೋತಾವ?”

ಏನು ಸವೆಯುತ್ತದೆ ಎಂದು ನನಗೂ ಹೊಳೆಯಲಿಲ್ಲ. ಅಂಗಳ ಕೈ ತಪ್ಪೀತೆಂಬ ಹೆದರಿಕೆ ಇತ್ತು. ಹೂಂ ಎಂದೆ. ಐದೂವರೆ ಎಂದದ್ದು ಐದಕ್ಕೆ ಬಂತು, ಐದು ನಾಲ್ಕೂಮುಕ್ಕಾಲಾಯಿತು. ಮಕ್ಕಳು ಹೊಡೆಯುವುದು ಕಾಲು ಗಂಟೆ, ಬಿದ್ದ ಚೆಂಡು ಹೆಕ್ಕಿ ಆರಿಸುವುದು ಒಂದೂಕಾಲು ಗಂಟೆ. ‘ದೊಡ್ಡವರ ಆಟ ನೋಡಿ ಕಲಿಯುತ್ತಾರೆ’ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟೇ ಆಗಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಆರಿಸುವುದನ್ನೂ ನಾನು ಕಲಿಸಿದೆ! ಬಗ್ಗಿ ಓಡಬೇಕು, ಚೆಂಡು ಎಸೆಯಬಾರದು, ಉರುಳಿಸಬೇಕು, ಆಮೇಲೆ ಕೈ ಹಿಂದೆ ಕಟ್ಟಿ ನಿಲ್ಲಬೇಕು. ಸಾಹೇಬರು ಒಂದು ಸಂಜೆ ಬೆವರು ಒರೆಸಿಕೊಳ್ಳುತ್ತ, “ನಿಮ್ಮ ಮಕ್ಕಳದು ಎಂಥ ಶಿಸ್ತು ಮೇಡಂ!” ಎಂದಾಗ ನಾನು ಉಬ್ಬಿಹೋದೆ. ಆ ಉಬ್ಬಿದ ಮುಖ ನೆನಪಾದರೆ ಈಗಲೂ ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಎರಡು ತಿಂಗಳಾದ ಮೇಲೆ ಒಂದು ಸಂಜೆ ಹುಲಿಗೆಮ್ಮನ ತಾಯಿ ದೇವಮ್ಮ ಬಂದಳು. ಭಾಗ್ಯನಗರದಲ್ಲಿ ಕೂದಲಿನ ಕೆಲಸಕ್ಕೆ ಹೋಗುವವಳು. ಊರೂರಿಂದ ಬಂದ ಕೂದಲಿನ ಗಂಟು ಬಿಡಿಸಿ, ಉದ್ದ ಗಿಡ್ಡ ಬೇರೆ ಬೇರೆ ಆರಿಸಿಡುವ ಕೆಲಸ ಅದು. ಅವತ್ತು ಕೆಲಸದಿಂದ ಬೇಗ ಬಿಡಿಸಿಕೊಂಡು, ಒಳ್ಳೆಯ ಸೀರೆ ಉಟ್ಟು, ಓಣಿಯ ಇಬ್ಬರು ಹೆಂಗಸರನ್ನು ಕರೆದುಕೊಂಡು ಬಂದಿದ್ದಳು. ಮಗಳನ್ನು ಟೆನಿಸ್‌ಗೆ ಆರಿಸ್ಯಾರ ಎಂದು ಓಣಿಗೆಲ್ಲ ಹೇಳಿದ್ದಳಂತೆ. ಬೇಲಿಯ ಆಚೆ ನಗುತ್ತ ನಿಂತಳು.

ಸಾಹೇಬರ ಚೆಂಡು ನೆಟ್ಟಿಗೆ ಬಡಿಯಿತು. ಹುಲಿಗೆಮ್ಮ ಬಗ್ಗಿ ಓಡಿದಳು, ಆರಿಸಿದಳು, ಉರುಳಿಸಿದಳು, ಕೈ ಹಿಂದೆ ಕಟ್ಟಿ ನಿಂತಳು. ಇನ್ನೊಂದು ಚೆಂಡು. ಮತ್ತೊಂದು. ಮಗಳು ಈಗ ಆಡುತ್ತಾಳೆ, ಇನ್ನೇನು ಆಡುತ್ತಾಳೆ ಎಂದು ದೇವಮ್ಮ ಕಾಯುತ್ತಿದ್ದಳೆಂದು ಕಾಣುತ್ತದೆ. ಅರ್ಧ ಗಂಟೆಯಾದ ಮೇಲೆ ಜೊತೆಗೆ ಬಂದವರಲ್ಲಿ ಒಬ್ಬಳು, ನನಗೂ ಕೇಳುವ ಹಾಗೆ, “ನಿನ್ ಮಗಳು ಆಡೋದು ಯಾವಾಗಬೇ?” ಎಂದಳು. ದೇವಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಸಾಹೇಬರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ, ನೆಟ್ಟಗೆ ನನ್ನ ಎದುರಿಗೆ ನಿಂತಳು.

“ಅಕ್ಕೋರ, ಚೀಟ್ಯಾಗ ಆರಿಸೇವಿ ಅಂತ ಬರದಿದ್ರಿ. ಆರಸೋದಂದ್ರ ಇದ ಏನ್ರಿ?”

“ಹಂಗಲ್ಲ ದೇವಮ್ಮ... ನೋಡಿ ಕಲೀತಾರ...”

“ನಾ ದಿನಾ ಕುಂತು ಕೂದ್ಲಾ ಆರಸ್ತೀನ್ರಿ. ಸೊಂಟ ಹೋಗೈತಿ. ಬಗ್ಗಿ ಆರಸೋದು ಕಲ್ಯಾಕ ಅಕಿನ್ನ ಇಲ್ಲೀತನಕ ಕಳಸಬೇಕೇನ್ರಿ? ನನ್ ಕೂಡ ಬಂದ್ರ ನಾನ ಕಲಸ್ತಿದ್ದೆ.”

ಮಗಳ ಕೈ ಹಿಡಿದು ಹೊರಟೇ ಹೋದಳು. ಹುಲಿಗೆಮ್ಮನ ಇನ್ನೊಂದು ಕೈಯಲ್ಲಿ ಸಾಹೇಬರ ಚೆಂಡು ಹಾಗೇ ಇತ್ತು. ಬೇಲಿಯ ಹತ್ತಿರ ಹೋದಾಗ ನೆನಪಾಗಿ, ತಾಯಿಯ ಕೈ ಬಿಡಿಸಿಕೊಂಡು, ನಾನು ಕಲಿಸಿದ್ದಂತೆಯೇ ಬಗ್ಗಿ ಅದನ್ನು ಉರುಳಿಸಿ ಹೋದಳು.

ನೌಕರಿಯಲ್ಲಿ ನನ್ನನ್ನು ಬೈದ ಮೇಲಧಿಕಾರಿಗಳು ಬಹಳ. ಯಾರ ಬೈಗುಳಕ್ಕೂ ನಾನು ನಿದ್ದೆ ಕೆಡಿಸಿಕೊಂಡವಳಲ್ಲ. ದೇವಮ್ಮ ಬೈಯಲೂ ಇಲ್ಲ, ನನ್ನದೇ ಅಕ್ಷರವನ್ನು ನನಗೆ ತಿರುಗಿ ಕೊಟ್ಟಳು. ಆ ಚೀಟಿಯಲ್ಲಿ ನಾನು ಬರೆದದ್ದು ಸುಳ್ಳಾಗಿರಲಿಲ್ಲ ಎಂಬುದೇ ದೊಡ್ಡ ಅವಮಾನ. ಮಕ್ಕಳನ್ನು ಆರಿಸಿದ್ದೆ, ಆರಿಸಲಿಕ್ಕೇ ಹಚ್ಚಿದ್ದೆ.

ಮೂರು ದಿನ ಬಿಟ್ಟು ಭಾನುವಾರ ಭಾಗ್ಯನಗರದ ಅವರ ಮನೆಗೆ ಹೋದೆ. ದೇವಮ್ಮ ಚಾಪೆ ಹಾಸಿದಳು, ನೀರು ಕೊಟ್ಟಳು. ಮನೆಗೆ ಬಂದವರಿಗೆ ಮಾಡುವ ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಹುಲಿಗೆಮ್ಮ ಒಳಗಿನ ಬಾಗಿಲಿಗೆ ಆತು ನಿಂತಿದ್ದಳು.

“ತಪ್ಪು ನಂದು ದೇವಮ್ಮ. ನಿನ್ನ ಮಗಳ ಕೈಯಾಗ ಎಂಥಾ ಹೊಡೆತ ಐತಿ ಅಂತ ನಿನಗ ಗೊತ್ತಿಲ್ಲ. ತಿರುಗಿ ಕಳಸವ್ವ” ಎಂದೆ.

ದೇವಮ್ಮ ಹೇಳಿದಳು: “ಕಳಸ್ತೀನ್ರಿ. ಆ ಸಾಹೇಬ್ರು ತಮ್ಮ ಬಾಲ್ ತಾವ ಬಗ್ಗಿ ಆರಸೋದು ಒಂದ್ ಸಲ ನನ್ ಕಣ್ಣೀಲೆ ನೋಡ್ತೀನಿ. ಆವತ್ತ ಕಳಸ್ತೀನಿ. ಇಲ್ಲಾಂದ್ರ ಇಲ್ರಿ.”

“ಬುಧವಾರ ಸಂಜಿಕೆ ಬಾ” ಎಂದೆ. ಬಾಯಿಂದ ಬಂದುಬಿಟ್ಟಿತು.

ಬುಧವಾರ ಹನ್ನೊಂದು ಮಕ್ಕಳನ್ನು ಬೇಲಿಯ ಗುಂಟ ಸಾಲಾಗಿ ಕೂಡಿಸಿದೆ. ರಾಕೆಟ್ಟು ತೊಡೆಯ ಮೇಲೆ ಇಟ್ಟುಕೊಳ್ಳಲು ಹೇಳಿದೆ. ಯಾರೂ ಏಳಬಾರದು ಎಂದೆ. ಸಾಹೇಬರು ಬಂದರು, ಜೊತೆಗೆ ಗುಮಾಸ್ತರೂ ಇದ್ದರು. ನಾನು ಎದ್ದು ನಮಸ್ಕಾರ ಮಾಡಿ ಹೇಳಿದೆ: “ಸರ್, ಇವತ್ತಿನಿಂದ ಮಕ್ಕಳು ಚೆಂಡು ಆರಿಸುವುದಿಲ್ಲ. ಹೊಡೆದವರೇ ಆರಿಸಬೇಕು.”

ಸಾಹೇಬರು ನಕ್ಕರು. ತಮಾಷೆ ಎಂದುಕೊಂಡಿರಬೇಕು. ಆಟ ಶುರುವಾಯಿತು. ಒಂದು ಚೆಂಡು ನೆಟ್ಟಿನ ಬುಡಕ್ಕೆ ಹೋಯಿತು, ಒಂದು ಮೂಲೆಗೆ, ಒಂದು ಮಕ್ಕಳ ಕಾಲ ಹತ್ತಿರಕ್ಕೇ ಉರುಳಿ ಬಂದು ನಿಂತಿತು. ಯಾರೂ ಮುಟ್ಟಲಿಲ್ಲ. ಕೈಯಲ್ಲಿದ್ದ ಕೊನೆಯ ಚೆಂಡೂ ಬೇಲಿಗೆ ಬಡಿದ ಮೇಲೆ ಸಾಹೇಬರು ಸುತ್ತ ನೋಡಿದರು.

“ಏನು ಮೇಡಂ ಇದು, ಮುಷ್ಕರವಾ?”

“ಅಲ್ಲ ಸರ್. ಅವರಿಗೆ ನಾನು ಕಲಿಸಬೇಕಾದದ್ದು ಫೋರ್‌ಹ್ಯಾಂಡ್. ಇಷ್ಟು ದಿನ ಬೇರೆ ಕಲಿಸಿಬಿಟ್ಟೆ.”

ಗುಮಾಸ್ತರು ಪಂಚೆ ಎತ್ತಿ ಕಟ್ಟಿ ಚೆಂಡಿನ ಕಡೆ ಓಡಿದರು. “ಗುಮಾಸ್ತರ, ನೀವ್ ಹೊಡದ್ರೇನ್ರಿ?” ಎಂದೆ. ಅವರು ಅರ್ಧ ದಾರಿಯಲ್ಲಿ ಹಾಗೇ ನಿಂತರು. ಮುಂದೆ ಹೋಗಲೂ ಇಲ್ಲ, ಹಿಂದೆ ಬರಲೂ ಇಲ್ಲ. ಸಾಹೇಬರ ಮುಖ ಕೆಂಪಾಯಿತು. ಬೇಲಿಯ ಆಚೆ ದೇವಮ್ಮ ಮಗಳ ಭುಜದ ಮೇಲೆ ಕೈ ಇಟ್ಟು ನಿಂತಿದ್ದಳು, ಅದು ಅವರಿಗೆ ಗೊತ್ತಿರಲಿಲ್ಲ. ಕಡೆಗೆ ಅವರು ನೆಟ್ಟಿನ ಹತ್ತಿರ ಹೋಗಿ, ಸೊಂಟದ ಮೇಲೆ ಕೈ ಇಟ್ಟುಕೊಂಡು, ಬಗ್ಗಿ, ಒಂದು ಚೆಂಡು ಆರಿಸಿದರು. ಮಕ್ಕಳಲ್ಲಿ ಇಬ್ಬರು ಕಿಸಕ್ಕನೆ ನಕ್ಕರು. ನಾನು ಸುಮ್ಮನಿರಿಸಲಿಲ್ಲ. ಸಾಹೇಬರು ಆರಿಸಿದ ಆ ಚೆಂಡನ್ನು ಆಡದೆ, ಬ್ಯಾಗಿಗೆ ಹಾಕಿಕೊಂಡು ಜೀಪು ಹತ್ತಿದರು.

ಮರುದಿನವೇ ಹುಲಿಗೆಮ್ಮ ಬಂದಳು. ನಾನು ಖುಷಿಯಿಂದ ರಾಕೆಟ್ಟು ಕೊಟ್ಟು, ಅವಳ ಬಲಕ್ಕೆ ಮೆತ್ತಗೆ ಒಂದು ಚೆಂಡು ಹಾಕಿದೆ. ಅವಳು ರಾಕೆಟ್ಟನ್ನು ಎಡಗೈಗೆ ಬದಲಿಸಿ, ಬಗ್ಗಿ, ಬಲಗೈಯಿಂದ ಚೆಂಡು ಹಿಡಿದು, ನನ್ನ ಕಡೆಗೆ ಉರುಳಿಸಿದಳು. ಇನ್ನೊಂದು ಹಾಕಿದೆ. ಮತ್ತೆ ಹಾಗೆಯೇ. “ಹೊಡಿಯವ್ವ” ಎಂದೆ. “ಹೂನ್ರಿ” ಎನ್ನುತ್ತಾಳೆ, ಚೆಂಡು ಬಂದ ಕೂಡಲೇ ಬಗ್ಗುತ್ತಾಳೆ. ಏನು ಸವೆಯುತ್ತದೆ ಎಂದು ಗುಮಾಸ್ತರು ಕೇಳಿದ್ದರಲ್ಲ, ಸವೆದದ್ದು ಇದು. ಥಳಿ ಹೊಡೆಯುವ ಆ ಕೈಯನ್ನು ಎರಡು ತಿಂಗಳಲ್ಲಿ ಅಳಿಸಿಹಾಕಿದ್ದೆವು. ಅಳಿಸಿದವರಲ್ಲಿ ನಾನೂ ಇದ್ದೆ.

ಅದನ್ನು ತಿರುಗಿ ಬರೆಸಲು ನನಗೆ ನಾಲ್ಕು ದಿನ ಸಿಕ್ಕಿತು. ಐದನೆಯ ದಿನ ನೋಟಿಸು ಬಂತು. ಚೆಂಡು ಆರಿಸಿಕೊಡಲಿಲ್ಲ ಎಂದು ಬರೆಯಲು ಅವರಿಗೂ ನಾಚಿಕೆಯಾಗಿರಬೇಕು. ‘ಮೇಲಧಿಕಾರಿಗಳೊಂದಿಗೆ ಅನುಚಿತ ವರ್ತನೆ’ ಎಂದಿತ್ತು. ನಾನು ಒಂದೇ ಸಾಲು ಉತ್ತರ ಬರೆದೆ: ‘ಮಕ್ಕಳಿಗೆ ಆಟ ಕಲಿಸಲು ನನ್ನನ್ನು ನಿಯೋಜಿಸಲಾಗಿತ್ತು, ಅದನ್ನು ಎರಡು ತಿಂಗಳು ತಡವಾಗಿ ಶುರು ಮಾಡಿದ್ದಕ್ಕೆ ವಿಷಾದಿಸುತ್ತೇನೆ.’ ನಿಯೋಜನೆ ರದ್ದಾಯಿತು. ಯಲಬುರ್ಗಾ ಕಡೆಯ ಒಂದು ಶಾಲೆಗೆ ಹಾಕಿದರು. ಅಲ್ಲಿ ಅಂಗಳವಿಲ್ಲ, ನೆಟ್ಟಿಲ್ಲ. ಕೊಪ್ಪಳದ ಆ ಅಂಗಳಕ್ಕೆ ದುರಸ್ತಿಯ ಹೆಸರಿನಲ್ಲಿ ಕೀಲಿ ಬಿತ್ತು. ಈಗ ಅದರಲ್ಲಿ ಜೀಪು ನಿಲ್ಲಿಸುತ್ತಾರೆ. ನಾನು ಗುಡಿಸಿದ ಅಂಗಳ! ಹನ್ನೊಂದು ಮಕ್ಕಳು ತಮ್ಮ ತಮ್ಮ ಓಣಿಯ ಕ್ರಿಕೆಟ್ಟಿಗೆ ತಿರುಗಿ ಹೋದರು. ಅವರಿಗಾಗಿ ಯಾರಿಗೂ ನೋಟಿಸು ಬರಲಿಲ್ಲ.

ಹೊಸ ಶಾಲೆಗೆ ಹೋಗಿ ತಿಂಗಳಾಗಿತ್ತು. ಒಂದು ಭಾನುವಾರ ಮುಂಜಾನೆ ನನ್ನ ಬಾಡಿಗೆ ಮನೆಯ ಮುಂದೆ ದೇವಮ್ಮ ಮತ್ತು ಹುಲಿಗೆಮ್ಮ ಬಂದು ನಿಂತಿದ್ದಾರೆ! ದೇವಮ್ಮನ ಕೈಯಲ್ಲಿ ಬುತ್ತಿ ಗಂಟು.

“ನೀವು ಮಾತು ನಡಸಿದ್ರಿ, ನಾ ನಡಸಬೇಕಲ್ರಿ. ಬಸ್ಸಿಗೆ ಹೆಣಮಕ್ಕಳಿಗೆ ಟಿಕೇಟ್ ಇಲ್ಲಲ್ರಿ ಈಗ. ಆಯ್ತವಾರಕ್ಕೊಮ್ಮೆ ಕರ್ಕೊಂಡ ಬರ್ತೀನಿ, ಕಲಸ್ರಿ” ಎಂದಳು.

ಶಾಲೆಯ ಹಿಂದಿನ ಕಂಪೌಂಡ್ ಗೋಡೆಗೆ ಸುಣ್ಣದ ಗೆರೆ ಎಳೆದೆ. ಮೂವತ್ತೆರಡು ವರ್ಷ ನೌಕರಿ ಮಾಡಿ ಮತ್ತೆ ಸುಣ್ಣದ ಗೆರೆಗೇ ಬಂದಿದ್ದೆ. ರಾಕೆಟ್ಟು ಬದಿಗಿಟ್ಟು ಅಂಗೈಯಿಂದಲೇ ಶುರು ಮಾಡಿಸಿದೆ. ಒಂದು ಭಾನುವಾರ ಹೋಯಿತು, ಎರಡು ಹೋದವು. ಚೆಂಡು ಬಂದರೆ ಅವಳ ಮೊಣಕಾಲು ಇನ್ನೂ ಮಡಚುತ್ತಿದ್ದವು. ನಾನು ಬೈಯಲಿಲ್ಲ. ಬೈಯುವ ಹಕ್ಕು ನನಗಿರಲಿಲ್ಲ. ಬಕೀಟಿನಲ್ಲಿ ನೀರು ತಂದಿಟ್ಟು, ಶಾಲೆಯ ಅಂಗಳಕ್ಕೆಲ್ಲ ಅವಳ ಕೈಯಿಂದ ಥಳಿ ಹೊಡೆಸಿದೆ. ದೇವಮ್ಮ ಬೇವಿನ ಗಿಡದ ಕೆಳಗೆ ಕೂತು ನೋಡುತ್ತಿದ್ದಳು. ಅತ್ತಿತ್ತ ಹೋದ ಚೆಂಡುಗಳನ್ನು ತಾನೇ ಎದ್ದು ಆರಿಸಿ ತಂದುಕೊಡುತ್ತಿದ್ದಳು. ಎಷ್ಟು ಬೇಡವೆಂದರೂ ಕೇಳುತ್ತಿರಲಿಲ್ಲ.

ಆರನೆಯ ಭಾನುವಾರ ರಾಕೆಟ್ಟು ಕೊಟ್ಟೆ. ಬಲಕ್ಕೆ ಚೆಂಡು ಹಾಕಿದೆ. ಹುಲಿಗೆಮ್ಮ ಬಗ್ಗಲಿಲ್ಲ. ಅಡ್ಡ ತಿರುಗಿದಳು, ಕೈ ಹಿಂದೆ ಹೋಯಿತು, ಒಂದು ಹೆಜ್ಜೆ ಮುಂದೆ ಬಂತು. ಚೆಂಡಿಗೆ ರಾಕೆಟ್ಟು ಬಡಿದ ಸಪ್ಪಳ ಕೇಳಿದ ಕೂಡಲೇ ನನಗೆ ಗೊತ್ತಾಯಿತು, ಅದು ಮೊದಲಿನದೇ ಹೊಡೆತ. ಚೆಂಡು ಗೆರೆಯ ಮೇಲೆ, ಗೋಡೆಯ ಮೇಲೆ, ಎಲ್ಲದರ ಮೇಲೆ ಹಾರಿ ಕಂಪೌಂಡಿನ ಆಚೆಯ ಜಾಲಿ ಕಂಟಿಯೊಳಗೆ ಬಿತ್ತು. ನನ್ನ ಕಣ್ಣು ತುಂಬಿ ಏನೂ ಕಾಣಲಿಲ್ಲ.

ದೇವಮ್ಮ ರೂಢಿಯಂತೆ ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. ಹುಲಿಗೆಮ್ಮ ರಾಕೆಟ್ಟು ನನ್ನ ಕೈಗೆ ಕೊಟ್ಟು ತಾಯಿಯ ಕಡೆ ತಿರುಗಿದಳು.

“ಯವ್ವಾ, ನೀ ಕುಂದ್ರು. ನಾ ಹೊಡದಿದ್ದು, ನಾನ ಆರಿಸ್ಕೊಂಡ ಬರ್ತೀನಿ.”

ಕಂಪೌಂಡು ಹತ್ತಿ ಆಚೆ ಜಿಗಿದಳು. ದೇವಮ್ಮ ಅರ್ಧ ಎದ್ದವಳು ಹಾಗೇ ಕೂತಳು. ಮಗಳು ಜಾಲಿಯ ಮುಳ್ಳು ಸರಿಸಿ ಚೆಂಡು ಹುಡುಕುವ ಸಪ್ಪಳ ಕೇಳುತ್ತಿತ್ತು. ದೇವಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ನೋಡಿದಳು.

“ಆ ಚೀಟಿ ಇನ್ನೂ ಮನ್ಯಾಗ ಐತ್ರಿ ಅಕ್ಕೋರ. ಹರದು ಒಗೀಬೇಕಂತ ಮಾಡಿದ್ದೆ. ಈಗ ಇರ್ಲಿ ಬಿಡ್ರಿ. ನಮ್ಮ ಹುಡುಗಿನ್ನ ಆರಿಸ್ಯಾರ ಅಂತ ಓಣ್ಯಾಗ ಇನ್ನ ಹೇಳ್ತೀನಿ.”